‘120 ಬಹಾದುರ್’ ಟೀಸರ್: ಮೇಜರ್ ಅವರ ಮುಖ ಕಂಡೆವು, ಉಳಿದವರ ಮುಖಗಳು ಚಿತ್ರದಲ್ಲಿ ಕಾಣುತ್ತವೆಯೇ?

ಬಸವನಗುಡಿಯ ವೀಕ್ಷಕಿ (ಪ್ರಶ್ನೆ)

ರೆಜಾಂಗ್ ಲಾ ಕದನವನ್ನು ಕುರಿತ ‘120 ಬಹಾದುರ್’ ಹಿಂದಿ ಚಿತ್ರದ ಟೀಸರನ್ನು ಕಚೇರಿಯಿಂದ ಮನೆಗೆ ಬರುವಾಗ ಮೆಟ್ರೋದಲ್ಲಿ ನಿಂತುಕೊಂಡೇ ಎರಡು ಬಾರಿ ನೋಡಿದೆ. ಮನೆಗೆ ಬಂದ ಮೇಲೆ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಟಿ.ವಿ.ಯಲ್ಲಿ ಮೂರನೆಯ ಬಾರಿ ನೋಡಿದೆ. ಹಿಮ, ಬಂಡೆ, ಗುಂಡಿನ ಸುರಿಮಳೆ, ಹಿಂದೆ ಸರಿಯುವುದಿಲ್ಲವೆಂಬ ಘೋಷಣೆ, ಇವೆಲ್ಲದರ ನಡುವೆ ಮೇಜರ್ ಶೈತಾನ್ ಸಿಂಗ್ ಅವರ ಪಾತ್ರದಲ್ಲಿರುವ ಫರ್ಹಾನ್ ಅಖ್ತರ್ ಅವರ ಮುಖ ಮತ್ತೆ ಮತ್ತೆ ಬರುತ್ತದೆ. ಮೈ ಜುಮ್ಮೆಂದದ್ದು ನಿಜ. ಆದರೆ ಮೂರನೆಯ ಬಾರಿ ನೋಡುವಾಗ ಅಪ್ಪ ಕೇಳಿದ ಒಂದು ಮಾತು ಆಮೇಲಿನಿಂದ ನನ್ನನ್ನು ಬಿಟ್ಟಿಲ್ಲ. “ಹೆಸರಿನಲ್ಲಿ 120 ಅಂತಿದೆಯಲ್ಲಮ್ಮ, ಮಿಕ್ಕವರು ಯಾರು?” ಎಂದರು. ನನಗೆ ಒಬ್ಬರ ಹೆಸರೂ ಹೇಳಲು ಬರಲಿಲ್ಲ.

ಆ ರಾತ್ರಿ ಕುಳಿತು ಓದಿಕೊಂಡೆ. 1962ರ ನವೆಂಬರ್ 18ರ ಬೆಳಗಿನ ಜಾವ, ಲಡಾಖಿನ ಚುಶೂಲ್ ಬಳಿ, 16,000 ಅಡಿಗೂ ಮಿಕ್ಕ ಎತ್ತರದಲ್ಲಿ ಕುಮಾವ್ ರೆಜಿಮೆಂಟಿನ 13ನೆಯ ಬೆಟಾಲಿಯನ್ನಿನ ಚಾರ್ಲಿ ಕಂಪನಿ ಎಂಬ ತುಕಡಿ ಚೀನೀ ಪಡೆಗಳ ಅಲೆಯಲೆಯಾದ ದಾಳಿಯನ್ನು ಎದುರಿಸಿತು. ಕಂಪನಿಯ ಸುಮಾರು 120 ಮಂದಿಯಲ್ಲಿ 110ಕ್ಕೂ ಹೆಚ್ಚು ಜನ ಅಲ್ಲೇ ಪ್ರಾಣ ಬಿಟ್ಟರು. ಹೆಚ್ಚಿನವರು ಇಂದಿನ ಹರಿಯಾಣದ ರೇವಾಡಿ ಸುತ್ತಲಿನ ಹಳ್ಳಿಗಳ ಅಹೀರ್ ಸಮುದಾಯದವರು. ಬಯಲುಸೀಮೆಯ ಹೊಲಗಳಲ್ಲಿ ಬೆಳೆದ ಹುಡುಗರು.

ನನ್ನ ಪ್ರಶ್ನೆ ಇಷ್ಟೇ. ಒಂದು ಇಡೀ ಕಂಪನಿಯ ಕಥೆಯನ್ನು ಒಬ್ಬ ನಾಯಕನಟನ ಮುಖದ ಮೂಲಕ ಹೇಳಲು ಹೊರಟಾಗ ಉಳಿದವರು ಗುಂಪಾಗಿ, ಹಿನ್ನೆಲೆಯಾಗಿ ಕರಗಿಹೋಗುವ ಅಪಾಯವಿಲ್ಲವೇ? ಅಥವಾ ಟೀಸರನ್ನಷ್ಟೇ ನೋಡಿ ಹೀಗೆ ಆತಂಕಪಡುವುದು ಅವಸರದ ಮಾತೇ? ಯುದ್ಧದ ಚಿತ್ರಗಳನ್ನು ಶ್ರದ್ಧೆಯಿಂದ ನೋಡುವವರು, ಸೇನೆಯನ್ನು ಬಲ್ಲವರು ತಮ್ಮ ಅನಿಸಿಕೆಯನ್ನು ಹೇಳಬೇಕೆಂದು ಕೋರುತ್ತೇನೆ.


ಸಂಕಲನದ ಮೇಜಿನಿಂದ

ಮೇಡಂ, ನಾನು ಹತ್ತು ವರ್ಷಗಳಿಂದ ಕನ್ನಡ ಚಿತ್ರಗಳ ಸಂಕಲನ ವಿಭಾಗದಲ್ಲಿ ಕೆಲಸ ಮಾಡುತ್ತಿರುವವನು, ಅನೇಕ ಟೀಸರುಗಳಿಗೂ ಕೈ ಹಾಕಿದ್ದೇನೆ. ಟೀಸರ್ ಕಟ್ ಮಾಡುವ ಹೊತ್ತಿಗೆ ಚಿತ್ರ ಪೂರ್ತಿ ಆಗಿರುವುದೇ ಅಪರೂಪ. ಸಿ.ಜಿ., ಎಂದರೆ ಕಂಪ್ಯೂಟರ್ ಗ್ರಾಫಿಕ್ಸ್ ಕೆಲಸ, ಅರ್ಧಕ್ಕೆ ನಿಂತಿರುತ್ತದೆ, ಹಿನ್ನೆಲೆ ಸಂಗೀತ ಬಂದಿರುವುದಿಲ್ಲ, ಬಣ್ಣ ಹೊಂದಿಸುವ ಡಿ.ಐ. ಕೆಲಸ ಶುರುವಾಗಿರುವುದಿಲ್ಲ. ಇರುವ ದೃಶ್ಯಗಳಲ್ಲಿ ಜನ ಗುರುತು ಹಿಡಿಯುವ ಮುಖವೊಂದೇ ಆಧಾರವೆಂದು ನಿರ್ಮಾಪಕರು ನಂಬುತ್ತಾರೆ, ನಾವೂ ಹಾಗೆಯೇ ಜೋಡಿಸುತ್ತೇವೆ. ಆದ್ದರಿಂದ ಇತರ ಸೈನಿಕರಿಗೆ ಚಿತ್ರದಲ್ಲಿ ಜಾಗವಿಲ್ಲ ಎಂದು ಈ ಟೀಸರಿನಿಂದ ತೀರ್ಮಾನಿಸುವುದು ಸರಿಯಾಗಲಾರದು.

ಆದರೆ ನನಗೆ ಬೇರೆ ಒಂದು ಅಸಮಾಧಾನವಿದೆ, ಅದು ಲಯಕ್ಕೆ ಸಂಬಂಧಿಸಿದ್ದು. ಟೀಸರಿನ ಉತ್ತರಾರ್ಧದಲ್ಲಿ ಶಾಟುಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಬದಲಾಗುತ್ತವೆ, ಈಗಿನ ಎಲ್ಲ ಯುದ್ಧಚಿತ್ರಗಳ ಟೀಸರುಗಳಲ್ಲಿ ಆಗುವಂತೆಯೇ. ರೆಜಾಂಗ್ ಲಾದಲ್ಲಿ ನಮ್ಮ ಸೈನಿಕರ ಕೈಯಲ್ಲಿದ್ದದ್ದು ಹಳೆಯ 303 ರೈಫಲ್. ಅದು ತಾನಾಗಿ ಗುಂಡು ಉಗುಳುವ ಬಂದೂಕಲ್ಲ. ಒಂದು ಗುಂಡು ಹೊಡೆದ ಮೇಲೆ ಬೋಲ್ಟನ್ನು ಮೇಲೆತ್ತಿ, ಹಿಂದಕ್ಕೆಳೆದು, ಮತ್ತೆ ಮುಂದಕ್ಕೆ ತಳ್ಳಿ, ಕೆಳಗೊತ್ತಿದರೆ ಮಾತ್ರ ಮುಂದಿನ ಗುಂಡು. ಅದರ ಮ್ಯಾಗಜೀನಿನಲ್ಲಿ ಹಿಡಿಯುವುದು ಹತ್ತೇ ಗುಂಡು, ತುಂಬುವುದು ಐದೈದರ ಎರಡು ಕಂತಿನಲ್ಲಿ. ಚೆನ್ನಾಗಿ ತರಬೇತಾದವರು ನಿಮಿಷಕ್ಕೆ ಹದಿನೈದು ಗುಂಡು ಗುರಿಯಿಟ್ಟು ಹೊಡೆಯುತ್ತಿದ್ದರು ಎನ್ನುತ್ತಾರೆ, ಎಂದರೆ ನಾಲ್ಕು ಸೆಕೆಂಡಿಗೊಂದು. ಮರಗಟ್ಟಿದ ಬೆರಳುಗಳಲ್ಲಿ ಅದಕ್ಕಿಂತಲೂ ಹೆಚ್ಚು ಹೊತ್ತು ಬೇಕು. ಕಂಪನಿಯ ಬಳಿ ಲಘು ಮೆಷಿನ್ ಗನ್‌ಗಳೂ ಮಾರ್ಟರುಗಳೂ ಇದ್ದವು, ನಿಜ. ಆದರೆ ಹೆಚ್ಚಿನವರ ಪಾಲಿಗೆ ಯುದ್ಧವೆಂದರೆ ಆ ನಾಲ್ಕು ಸೆಕೆಂಡುಗಳ ಅಂತರವೇ.

ನಾನು ಈ ಚಿತ್ರದ ಸಂಕಲನಕಾರನಾಗಿದ್ದರೆ ಆ ಅಂತರವನ್ನು ಕತ್ತರಿಸುತ್ತಿರಲಿಲ್ಲ. ಗುಂಡಿನ ಸದ್ದು, ಬೋಲ್ಟಿನ ಖಟಕ್ ಎಂಬ ಸದ್ದು, ಅದರ ನಡುವೆ ಆತನ ಉಸಿರು, ಇಷ್ಟನ್ನೇ ಇಟ್ಟುಕೊಂಡು ಒಬ್ಬ ಸಿಪಾಯಿಯ ಮೇಲೆ ಅರ್ಧ ನಿಮಿಷ ಕ್ಯಾಮೆರಾ ನಿಲ್ಲಿಸಿದರೆ ಆ ಮನುಷ್ಯನನ್ನು ಪ್ರೇಕ್ಷಕ ಮರೆಯುವುದಿಲ್ಲ. ನೀವು ಕೇಳುತ್ತಿರುವ ಮುಖಗಳು ಹಾಗೆ ಕಾಣುತ್ತವೆ. ಶಾಟು ಅರ್ಧ ಸೆಕೆಂಡಿಗೆ ಬದಲಾದರೆ ನಾಯಕನಟನ ಪರಿಚಿತ ಮುಖವೊಂದನ್ನು ಬಿಟ್ಟು ಮಿಕ್ಕೆಲ್ಲ ಮುಖಗಳೂ ಒಂದೇ ಆಗಿ ಕಾಣುತ್ತವೆ.


ನಿವೃತ್ತ ಸುಬೇದಾರ್, ಜಾಲಹಳ್ಳಿ

ನಿಮ್ಮ ತಂದೆಯವರು ಕೇಳಿದ ಪ್ರಶ್ನೆ ಬಹಳ ದೊಡ್ಡದು, ತಾಯಿ. ನಾನು ಆರ್ಮಿ ಸರ್ವಿಸ್ ಕೋರ್‌ನಲ್ಲಿದ್ದವನು. ತರಬೇತಿ ಇದೇ ಬೆಂಗಳೂರಿನಲ್ಲಿ, ಆಮೇಲೆ ಲೇಹ್ ಕಡೆ ಎರಡು ಸಲ ಪೋಸ್ಟಿಂಗ್ ಆಗಿತ್ತು. ರೆಜಾಂಗ್ ಲಾ ಯುದ್ಧ ನಡೆದಾಗ ನಾನಿನ್ನೂ ಹುಟ್ಟಿರಲಿಲ್ಲ. ಆದರೆ ಆ ಚಳಿಯನ್ನು ಬಲ್ಲೆ, ಆದ್ದರಿಂದ ಮೊದಲು ಆ ಮಾತನ್ನೇ ಹೇಳುತ್ತೇನೆ.

ನವೆಂಬರಿನಲ್ಲಿ ಆ ಎತ್ತರದಲ್ಲಿ ಬರಿಗೈಯಲ್ಲಿ ಕಬ್ಬಿಣ ಮುಟ್ಟಿದರೆ ಚರ್ಮ ಅಂಟಿಕೊಳ್ಳುತ್ತದೆ. ಜೆರಿಕ್ಯಾನಿನಲ್ಲಿಟ್ಟ ನೀರು ಬೆಳಗಾಗುವಷ್ಟರಲ್ಲಿ ಕಲ್ಲಾಗಿರುತ್ತದೆ. ಅನ್ನ ಎಷ್ಟು ಬೇಯಿಸಿದರೂ ನಡುವೆ ಕಾಳು ಉಳಿಯುತ್ತದೆ. ಹತ್ತು ಹೆಜ್ಜೆ ಏರಿದರೆ ನಿಂತು ಉಸಿರು ಹಿಡಿಯಬೇಕು. ನಮಗೆ ಗುಡಾರದೊಳಗೆ ಸೀಮೆಎಣ್ಣೆಯ ಬುಖಾರಿ, ಎಂದರೆ ಚಳಿ ಕಾಯಿಸುವ ಒಲೆ, ಇತ್ತು, ದಪ್ಪನೆಯ ಕೋಟು, ಒಳ್ಳೆಯ ಬೂಟು ಇದ್ದವು, ಆದರೂ ಮೊದಲ ವಾರ ನಿದ್ದೆ ಬರಲಿಲ್ಲ. ಚಾರ್ಲಿ ಕಂಪನಿಯವರಿಗೆ ಆ ಚಳಿಗೆ ತಕ್ಕ ಬಟ್ಟೆಯೇ ಇರಲಿಲ್ಲ. ಕಾಶ್ಮೀರದ ಬಾರಾಮುಲ್ಲಾದಿಂದ ಚುಶೂಲಿಗೆ ಬೆಟಾಲಿಯನ್ ಬಂದಿದ್ದೇ ಅಕ್ಟೋಬರಿನಲ್ಲಿ. ಟೀಸರಿನಲ್ಲಿ ಕೂಗಿ ಹೇಳುವ ಮಾತು ಕೇಳಿದಾಗ ನನಗನ್ನಿಸಿದ್ದು ಇದು: ಅಲ್ಲಿ ಅಷ್ಟು ಗಟ್ಟಿಯಾಗಿ, ಅಷ್ಟು ತಡೆಯಿಲ್ಲದೆ ಯಾರೂ ಮಾತನಾಡಲಾರರು. ಎರಡು ಮಾತಾಡಿದರೆ ಮೂರನೆಯದಕ್ಕೆ ಉಸಿರು ಸಾಲದು. ಸಂಭಾಷಣೆ ಬರೆಯುವವರು ಆ ಬೆಟ್ಟದ ಉಸಿರನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಚಿತ್ರಕ್ಕೆ ಬೇರೆ ತೂಕ ಬರುತ್ತದೆ.

ಇನ್ನು ಮೇಜರ್ ಅವರ ಮುಖವೇ ಹೆಚ್ಚಾಯಿತು ಎಂಬ ನಿಮ್ಮ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಕಂಪನಿ ಕಮಾಂಡರ್ ಎಂದರೆ ಏನೆಂದು ಆ ದಿನ ಅವರು ತೋರಿಸಿಕೊಟ್ಟರು. ಕಂಪನಿಯೊಳಗಿನ ಸಣ್ಣ ತುಕಡಿಗಳಾದ ಪ್ಲಟೂನುಗಳು ಒಂದರಿಂದೊಂದು ದೂರ ಇದ್ದವು. ನಡುವೆ ಅಡ್ಡವಾಗಿ ಎದ್ದು ನಿಂತ ಬೆಟ್ಟದ ಏಣಿನಿಂದಾಗಿ ನಮ್ಮ ಫಿರಂಗಿಗಳ ಬೆಂಬಲ ಅವರಿಗೆ ಸಿಗುವಂತಿರಲಿಲ್ಲ. ಎಂದರೆ ತಮ್ಮ ಕೈಯಲ್ಲಿರುವುದೇ ತಮಗೆ ಗತಿ ಎಂಬುದು ಅವರಿಗೆ ಮೊದಲೇ ತಿಳಿದಿತ್ತು. ಗುಂಡಿನ ನಡುವೆಯೇ ಮೇಜರ್ ಒಂದು ಪ್ಲಟೂನಿನಿಂದ ಇನ್ನೊಂದಕ್ಕೆ ಓಡಾಡಿ ಹುಡುಗರಿಗೆ ಧೈರ್ಯ ತುಂಬಿದರು. ಮೊದಲು ತೋಳಿಗೆ, ಆಮೇಲೆ ಹೊಟ್ಟೆಗೆ ಗುಂಡು ಬಿತ್ತು. ಹೊತ್ತುಕೊಂಡು ಹೋಗಲು ಬಂದವರಿಗೆ ತನ್ನನ್ನು ಬಿಟ್ಟು ಹೋಗುವಂತೆ ಅಪ್ಪಣೆ ಮಾಡಿದರು. ಅವರನ್ನು ಒಂದು ಬಂಡೆಯ ಮರೆಯಲ್ಲಿ ಮಲಗಿಸಿ ಸೈನಿಕರು ಹೋದರು, ತಿಂಗಳುಗಳ ನಂತರ ಶರೀರ ಅಲ್ಲೇ ಸಿಕ್ಕಿತು. ಅವರಿಗೆ ಪರಮವೀರ ಚಕ್ರ ಬಂತು. ಅಂಥವರ ಮುಖ ಹೆಚ್ಚು ಹೊತ್ತು ಕಾಣಿಸಿದರೆ ತಪ್ಪಿಲ್ಲ. ಅವರು ಜೋಧಪುರದ ಕಡೆಯವರು, ರಜಪೂತರು. ಅವರು ಮುನ್ನಡೆಸಿದ್ದು ಅಹೀರ್ ಹುಡುಗರನ್ನು. ಆ ಅಧಿಕಾರಿಗೂ ಆ ಹುಡುಗರಿಗೂ ಇದ್ದ ನಂಟು ಚಿತ್ರದಲ್ಲಿ ಬಂದರೆ ಮುಖ ಒಂದೋ ನೂರಿಪ್ಪತ್ತೋ ಎಂಬ ಲೆಕ್ಕವೇ ಬೇಕಾಗುವುದಿಲ್ಲ.

ಆದರೂ ನಿಮ್ಮ ತಂದೆಯವರಿಗೆ ಉತ್ತರ ಕೊಡಬೇಕು. ಈ ಹೆಸರುಗಳನ್ನು ಅವರಿಗೆ ಓದಿ ಹೇಳಿ: ಜಮೇದಾರ್ ಹರಿ ರಾಮ್, ಜಮೇದಾರ್ ಸೂರಜಾ ರಾಮ್, ಜಮೇದಾರ್ ರಾಮಚಂದರ್, ನಾಯಕ್ ಹುಕಮ್ ಚಂದ್, ನಾಯಕ್ ಗುಲಾಬ್ ಸಿಂಗ್, ನಾಯಕ್ ರಾಮ್ ಕುಮಾರ್ ಯಾದವ್, ಲಾನ್ಸ್ ನಾಯಕ್ ಸಿಂಗ್ ರಾಮ್, ಸಿಪಾಯಿ ಧರ್ಮಪಾಲ್ ದಹಿಯಾ. ಈ ಎಂಟು ಮಂದಿಗೂ ವೀರ ಚಕ್ರ ಸಂದಿದೆ.

ಧರ್ಮಪಾಲ್ ಆರ್ಮಿ ಮೆಡಿಕಲ್ ಕೋರ್‌ನ ನರ್ಸಿಂಗ್ ಅಸಿಸ್ಟೆಂಟ್. ಗಾಯಾಳುಗಳಿಗೆ ಔಷಧ ಕೊಡುವುದು ಅವರ ಕೆಲಸವಾಗಿತ್ತು. ಹಿಮದಡಿಯಲ್ಲಿ ಶರೀರ ಸಿಕ್ಕಾಗಲೂ ಅವರ ಕೈಯಲ್ಲಿ ಸಿರಿಂಜೂ ಬ್ಯಾಂಡೇಜೂ ಇದ್ದವು. ಮಾರ್ಟರ್ ವಿಭಾಗದವರು ತಮ್ಮ ಬಳಿಯಿದ್ದ ಸುಮಾರು ಸಾವಿರ ಬಾಂಬುಗಳಲ್ಲಿ ಏಳನ್ನು ಬಿಟ್ಟು ಮಿಕ್ಕೆಲ್ಲವನ್ನೂ ಹಾರಿಸಿದ್ದರು. ಆ ವಿಭಾಗದ ರಾಮ್ ಕುಮಾರ್ ಯಾದವ್ ಮೈತುಂಬ ಗಾಯಗಳೊಂದಿಗೆ ಬದುಕಿ ಬಂದರು.

ನನ್ನ ಪಾಲಿಗೆ ಚಿತ್ರದ ನಿಜವಾದ ಕಥೆ ಶುರುವಾಗುವುದು ಇಲ್ಲಿಂದಲೇ. ಬದುಕುಳಿದ ಕೆಲವೇ ಕೆಲವರು ಕೆಳಗೆ ಬಂದು ನಡೆದದ್ದನ್ನು ಹೇಳಿದಾಗ ಅದನ್ನು ಎಲ್ಲರೂ ನಂಬಲಿಲ್ಲ. ಒಬ್ಬರೂ ಓಡಲಿಲ್ಲ, ಎಲ್ಲರೂ ಅಲ್ಲೇ ಕಾದು ಸತ್ತರು ಎಂಬ ಮಾತು ನಂಬಲಾಗದಷ್ಟು ದೊಡ್ಡದಾಗಿತ್ತು. ಚಳಿಗಾಲವಿಡೀ ಆ ಸಂಶಯ ಅವರ ತಲೆಯ ಮೇಲೆ ಇತ್ತು. 1963ರ ಆರಂಭದಲ್ಲಿ ಆ ಕಡೆ ಹೋದ ಒಬ್ಬ ಕುರಿಗಾಹಿಗೆ ಶರೀರಗಳು ಕಂಡ ನಂತರ ಹುಡುಕುತಂಡ ಮೇಲೆ ಹೋಯಿತು. ಸೈನಿಕರು ಕಾದಾಡುತ್ತಿದ್ದ ಭಂಗಿಯಲ್ಲೇ, ತಮ್ಮ ತಮ್ಮ ಕಂದಕಗಳಲ್ಲೇ ಹೆಪ್ಪುಗಟ್ಟಿದ್ದರು. ಕೆಲವರ ಕೈಯಲ್ಲಿ ರೈಫಲ್ ಇನ್ನೂ ಹಾಗೆಯೇ ಇತ್ತು. ಸತ್ತವರು ಎದ್ದು ಬಂದು ಬದುಕಿದವರ ಪರವಾಗಿ ಸಾಕ್ಷಿ ನುಡಿದಂತಾಯಿತು. ಕದನಕ್ಕಿಂತ ಆ ಮೂರು ತಿಂಗಳ ಮೌನವನ್ನು ಚಿತ್ರೀಕರಿಸುವುದು ಕಷ್ಟ. ನಿರ್ದೇಶಕ ರಜ್ನೀಶ್ ಘಾಯ್ ಅವರು ಅದನ್ನು ಮಾಡಿದ್ದಾರೆಯೇ ಎಂಬುದನ್ನು ನೋಡಲು ನಾನು ಚಿತ್ರಮಂದಿರಕ್ಕೆ ಹೋಗುತ್ತೇನೆ.


ಮೊದಲ ದಿನ ಮೊದಲ ಆಟ

ಎಲ್ಲ ಹಿರಿಯರ ಮಾತನ್ನೂ ಗೌರವದಿಂದ ಓದಿದೆ. ನನಗೆ ಇಪ್ಪತ್ತೆರಡು ವರ್ಷ. ನಾನು ಓದಿದ ಯಾವ ಪಾಠದಲ್ಲೂ ರೆಜಾಂಗ್ ಲಾ ಎಂಬ ಹೆಸರು ಕಂಡ ನೆನಪಿಲ್ಲ. ಫರ್ಹಾನ್ ಅಖ್ತರ್ ಇದ್ದಾರೆ ಎಂಬ ಒಂದೇ ಕಾರಣಕ್ಕೆ ಟೀಸರ್ ಒತ್ತಿದೆ. ಅದು ಮುಗಿದ ಹತ್ತು ನಿಮಿಷಕ್ಕೆ ಭೂಪಟದಲ್ಲಿ ಚುಶೂಲ್ ಎಲ್ಲಿದೆ ಎಂದು ಹುಡುಕುತ್ತಿದ್ದೆ. ಪರಿಚಿತ ಮುಖ ಇಲ್ಲದಿದ್ದರೆ ನಾನು, ನನ್ನ ಗೆಳೆಯರು ಯಾರೂ ಈ ಕಥೆಯ ಹತ್ತಿರಕ್ಕೂ ಬರುತ್ತಿರಲಿಲ್ಲ. ಆ ಮುಖವನ್ನು ದಯವಿಟ್ಟು ಅಡ್ಡಿಯೆಂದು ನೋಡಬೇಡಿ, ನಮ್ಮಂಥವರಿಗೆ ಅದೇ ಬಾಗಿಲು.

ಸುಬೇದಾರ್ ಸಾಹೇಬರೇ, ಧರ್ಮಪಾಲ್ ಅವರ ವಿಷಯವನ್ನು ನಾನು ಹಾಸ್ಟೆಲಿನ ಎಲ್ಲರಿಗೂ ಓದಿ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.


ಶಾಸನಗಳ ವಿದ್ಯಾರ್ಥಿ, ಮಲ್ಲೇಶ್ವರ

ಚರ್ಚೆ ಹೆಸರುಗಳ ಕಡೆಗೆ ತಿರುಗಿದ್ದರಿಂದ ನನ್ನ ವಿಷಯಕ್ಕೆ ಹತ್ತಿರವಾದ ಒಂದು ಮಾತನ್ನು ಸೇರಿಸುತ್ತೇನೆ. ಯುದ್ಧದಲ್ಲಿ ಸತ್ತವರನ್ನು ಹೇಗೆ ನೆನೆಯಬೇಕೆಂಬ ಪ್ರಶ್ನೆಗೆ ಕನ್ನಡನಾಡು ಸಾವಿರ ವರ್ಷಗಳ ಹಿಂದೆಯೇ ಕಲ್ಲಿನಲ್ಲಿ ಉತ್ತರ ಬರೆದಿಟ್ಟಿದೆ. ‘ಬೆಂಗಳೂರು’ ಎಂಬ ಹೆಸರು ಕಾಣಸಿಗುವ ಅತ್ಯಂತ ಹಳೆಯ ಬರಹ ಬೇಗೂರಿನ ದೇವಾಲಯದಲ್ಲಿರುವ, ಸುಮಾರು ಕ್ರಿ.ಶ. 890ರ ಶಾಸನ. ಅದು ಯಾವ ಅರಸನ ದಿಗ್ವಿಜಯದ ಹೊಗಳಿಕೆಯೂ ಅಲ್ಲ. ‘ಬೆಂಗಳೂರ ಕಾಳಗ’ದಲ್ಲಿ, ನಾಗತ್ತರನೆಂಬ ಸ್ಥಳೀಯ ನಾಯಕನ ಕಡೆಯಲ್ಲಿ ಕಾದಿ ಮಡಿದವರ ನೆನಪು. ನಮ್ಮ ಊರಿನ ಹೆಸರು ಚರಿತ್ರೆಯೊಳಗೆ ಬಂದದ್ದೇ ಹಾಗೆ ಸತ್ತ ಒಬ್ಬ ಮನುಷ್ಯನ ಹೆಸರಿನ ಜೊತೆಯಲ್ಲಿ.

ಅದೇ ಬೇಗೂರಿನಿಂದ ತಂದ ದೊಡ್ಡ ವೀರಗಲ್ಲೊಂದನ್ನು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನಾನು ಬಹಳ ಹೊತ್ತು ನಿಂತು ನೋಡಿದ್ದೇನೆ. ಆನೆ, ಕುದುರೆ, ಬಿಲ್ಲು, ಕತ್ತಿ, ಬಿದ್ದವರು, ಬೀಳುತ್ತಿರುವವರು, ಇಡೀ ಕಾಳಗ ಒಂದೇ ಹಲಗೆಯಲ್ಲಿ ಕಿಕ್ಕಿರಿದಿದೆ. ನಾಯಕ ಎದ್ದು ಕಾಣುತ್ತಾನೆ, ಆದರೆ ಆತನ ಕಾಲಬಳಿ ಬಿದ್ದವನನ್ನೂ ಶಿಲ್ಪಿ ಬಿಟ್ಟಿಲ್ಲ. ಅದೇ ಸಂಗ್ರಹದಲ್ಲಿ ಕ್ರಿ.ಶ. 949ರ ಹೊತ್ತಿನ ಆತಕೂರು ಶಾಸನವಿದೆ. ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಯ ಹೆಸರನ್ನು ಅದರಲ್ಲಿ ಅಕ್ಷರ ಬಿಡದೆ ಕೊರೆದಿದ್ದಾರೆ. ನಾಯಿಯ ಹೆಸರನ್ನೂ ಉಳಿಸಿಕೊಂಡ ನಾಡಿನವರಾದ ನಾವು, ಮೊನ್ನೆ ಮೊನ್ನೆ ಸತ್ತ 110ಕ್ಕೂ ಹೆಚ್ಚು ಸೈನಿಕರ ಹೆಸರನ್ನು ತೆರೆಯ ಮೇಲೆ ಕೇಳುವುದು ಅತಿಯಾದ ಬೇಡಿಕೆಯಲ್ಲ.

ಆದ್ದರಿಂದ ನನ್ನ ಅಪೇಕ್ಷೆ ಬಹಳ ಸರಳವಾದದ್ದು. ಚಿತ್ರದೊಳಗೆ ಹತ್ತು ಪಾತ್ರಗಳನ್ನಷ್ಟೇ ಬೆಳೆಸಲು ಸಾಧ್ಯವೆಂದಾದರೆ ಹಾಗೆಯೇ ಆಗಲಿ. ಆದರೆ ಕೊನೆಯಲ್ಲಿ ಎಲ್ಲರ ಹೆಸರೂ, ಊರಿನ ಹೆಸರೊಂದಿಗೆ, ಓದಲು ಸಾಧ್ಯವಾಗುವಷ್ಟು ನಿಧಾನವಾಗಿ ಬರಲಿ. ಚಿತ್ರಮಂದಿರದವರು ಆ ಹೊತ್ತಿನಲ್ಲಿ ದೀಪ ಹಾಕದಿರಲಿ.

ಸುಬೇದಾರ್ ಅವರು ಜೋಧಪುರದ ಪ್ರಸ್ತಾಪ ಮಾಡಿದ್ದಾರೆ. 1918ರ ಸೆಪ್ಟೆಂಬರ್ 23ರಂದು ಇಂದಿನ ಇಸ್ರೇಲಿನ ಹೈಫಾ ನಗರವನ್ನು ಗೆದ್ದ ಕದನದಲ್ಲಿ ಜೋಧಪುರ ಲ್ಯಾನ್ಸರ್ಸ್ ಎಂಬ ಅಶ್ವದಳದ ಜೊತೆಗಿದ್ದವರು ನಮ್ಮ ಮೈಸೂರು ಲ್ಯಾನ್ಸರ್ಸ್. ಅವರ ಸ್ಮಾರಕ ಇದೇ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಇನ್ನು ಕುಮಾವ್ ರೆಜಿಮೆಂಟಿಗೆ ಆ ಹೆಸರು ಬಂದದ್ದು 1945ರಲ್ಲಿ. ಅದಕ್ಕೆ ಮೊದಲು ಅದು ಹೈದರಾಬಾದ್ ರೆಜಿಮೆಂಟ್ ಆಗಿತ್ತು, ಕೊಡಗಿನ ಜನರಲ್ ತಿಮ್ಮಯ್ಯನವರು ಸೈನ್ಯದಲ್ಲಿ ಬೆಳೆದು ಬಂದದ್ದು ಅದೇ ರೆಜಿಮೆಂಟಿನಲ್ಲಿ. ಇದು ಉತ್ತರದವರ ಚಿತ್ರ, ನಮಗೇನು ಎಂದು ಕೇಳುವವರಿಗೆ ಇಷ್ಟು ಹೇಳಬಹುದು.


ಸಂಕಲನದ ಮೇಜಿನಿಂದ

ದೀಪದ ಮಾತು ನೂರಕ್ಕೆ ನೂರು ನಿಜ. ಹೆಸರುಗಳು ಬರುವಾಗ ಜನ ಎದ್ದು ನಿಲ್ಲುತ್ತಾರೆ, ಪಕ್ಕದ ಬಾಗಿಲು ತೆರೆಯುತ್ತದೆ, ಪಾರ್ಕಿಂಗಿನ ಗಡಿಬಿಡಿ ಶುರುವಾಗುತ್ತದೆ. ಅದಕ್ಕೆ ಸಂಕಲನದಲ್ಲೇ ಒಂದು ದಾರಿಯಿದೆ. ಹೆಸರುಗಳನ್ನು ಚಿತ್ರ ಮುಗಿದ ಮೇಲೆ ಇಡದೆ, ಕಥೆಯ ಒಳಗೇ, ಆ ಹುಡುಕುತಂಡ ಒಬ್ಬೊಬ್ಬ ಸೈನಿಕನ ಬಳಿ ಹೋಗಿ ಗುರುತು ಹಿಡಿಯುವ ದೃಶ್ಯದಲ್ಲಿ ಇಡಬೇಕು. ಹಿಮ ಸರಿಸುವ ಕೈ, ಮುಖ, ಹೆಸರು. ಹಿನ್ನೆಲೆ ಸಂಗೀತ ಬೇಡವೇ ಬೇಡ, ಗಾಳಿಯೊಂದೇ ಸಾಕು. ಆಗ ಯಾರೂ ಏಳುವುದಿಲ್ಲ.

ಇದೇ 1962ರ ಹಿನ್ನೆಲೆಯ ಮೇಲೆ 1964ರಲ್ಲಿ ಚೇತನ್ ಆನಂದ್ ಅವರು ‘ಹಕೀಕತ್’ ಮಾಡಿದ್ದರು, ಅದೂ ಲಡಾಖಿನಲ್ಲೇ ಚಿತ್ರೀಕರಣವಾಗಿತ್ತು. ಗಾಯ ಹಸಿಯಾಗಿದ್ದ ಕಾಲದಲ್ಲಿ ಬಂದ ಚಿತ್ರವದು. ಈಗಿನವರಿಗೆ ಆರು ದಶಕಗಳ ದೂರವಿದೆ, ದಾಖಲೆಗಳಿವೆ, ತಂತ್ರಜ್ಞಾನವಿದೆ. ನನ್ನ ನಿರೀಕ್ಷೆ ಹೆಚ್ಚಾಗಿರುವುದು ಅದಕ್ಕೇ.


ಬಸವನಗುಡಿಯ ವೀಕ್ಷಕಿ

ಉತ್ತರಿಸಿದ ಎಲ್ಲರಿಗೂ ನಮಸ್ಕಾರ. ಸುಬೇದಾರ್ ಸರ್, ನೀವು ಬರೆದ ಎಂಟು ಹೆಸರುಗಳನ್ನು ನಿನ್ನೆ ರಾತ್ರಿ ಊಟವಾದ ಮೇಲೆ ಅಪ್ಪನಿಗೆ ಓದಿ ಹೇಳಿದೆ. ಒಂದೊಂದು ಹೆಸರು ಓದಿದಾಗಲೂ ಅವರು ‘ಹೂಂ’ ಎನ್ನುತ್ತಿದ್ದರು, ಹಾಜರಿ ಕೂಗಿದಾಗ ಓಗೊಡುವ ಹಾಗೆ. ಯುದ್ಧ ನಡೆದಾಗ ಅವರಿಗೆ ಒಂಬತ್ತು ವರ್ಷ. ರಕ್ಷಣಾ ನಿಧಿಗೆಂದು ಬೀದಿಯಲ್ಲಿ ಬಂದವರಿಗೆ ನಮ್ಮ ಅಜ್ಜಿ ತನ್ನ ಕೈಯಲ್ಲಿದ್ದ ಎರಡು ಬಳೆಗಳಲ್ಲಿ ಒಂದನ್ನು ಬಿಚ್ಚಿಕೊಟ್ಟಿದ್ದರಂತೆ. ಸಾಬೂನು ಹಚ್ಚಿ ಬಿಚ್ಚಿದ್ದು, ಕೈ ಕೆಂಪಗಾದದ್ದು ಅಪ್ಪನಿಗೆ ಇಂದಿಗೂ ನೆನಪಿದೆ. ನಾನು ಈ ಮಾತನ್ನು ಮೊದಲ ಬಾರಿ ಕೇಳಿದ್ದು ನಿನ್ನೆಯೇ.

ಮೇಜರ್ ಅವರ ಮುಖದ ಬಗ್ಗೆ ನಾನು ಬರೆದದ್ದನ್ನು ತಿದ್ದಿಕೊಳ್ಳುತ್ತೇನೆ. ಅವರು ಪ್ಲಟೂನಿನಿಂದ ಪ್ಲಟೂನಿಗೆ ಹೋದದ್ದು ತಿಳಿದ ಮೇಲೆ ಟೀಸರನ್ನು ಇನ್ನೊಮ್ಮೆ ನೋಡಿದೆ. ಈ ಸಲ ಕಣ್ಣು ಹೋದದ್ದು ಅವರ ಹಿಂದೆ ನಿಂತವರ ಮೇಲೆ. ಹಾಸ್ಟೆಲಿನ ತಮ್ಮನ ಮಾತೂ ಸರಿ, ನಾನು ಕೂಡ ಒಳಗೆ ಬಂದದ್ದು ಆ ಬಾಗಿಲಿನಿಂದಲೇ.

ಚಿತ್ರ 2025ರ ನವೆಂಬರ್ 21ಕ್ಕೆ ಬರುತ್ತದೆಯಂತೆ. 1962ರಲ್ಲಿ ಕದನವಿರಾಮವಾದದ್ದೂ ಅದೇ ನವೆಂಬರ್ 21ಕ್ಕೆ, ರೆಜಾಂಗ್ ಲಾ ಮುಗಿದ ಮೂರೇ ದಿನಕ್ಕೆ. ಅಪ್ಪನಿಗೆ ಮೆಟ್ಟಿಲು ಹತ್ತುವುದು ಕಷ್ಟ, ಹಿಂದಿಯೂ ಅಷ್ಟಾಗಿ ಬಾರದು. ಆದರೂ ಮೊದಲ ದಿನವೇ ಕರೆದುಕೊಂಡು ಹೋಗು ಎಂದಿದ್ದಾರೆ. ಸುಬೇದಾರ್ ಸರ್, ಆ ದಿನ ತಾವೂ ನಮ್ಮೊಡನೆ ಬರುವುದಾದರೆ ಮೂರು ಟಿಕೆಟ್ ತೆಗೆದುಕೊಳ್ಳುತ್ತೇನೆ. ತೆರೆಯ ಮೇಲೆ ಧರ್ಮಪಾಲ್ ಬಂದಾಗ ಇವರೇ ಎಂದು ಅಪ್ಪನಿಗೆ ತೋರಿಸಲು ಬಲ್ಲವರು ಒಬ್ಬರು ಪಕ್ಕದಲ್ಲಿರಬೇಕು.


ನಿವೃತ್ತ ಸುಬೇದಾರ್, ಜಾಲಹಳ್ಳಿ

ಖಂಡಿತ ಬರುತ್ತೇನೆ, ತಾಯಿ. ಮೆಟ್ಟಿಲಿಲ್ಲದ ಸಾಲಿನಲ್ಲಿ ತೆಗೆದುಕೊಳ್ಳಿ, ಕೊನೆಯ ಹೆಸರು ಬರುವವರೆಗೂ ಕೂತಿರೋಣ.